ಹೂವನ್ನು ತಡೆದ ಬಾಗಿಲು ಜಾತಿಯನ್ನು ತಡೆಯಲಿಲ್ಲ

ಆಯುಧಪೂಜೆಯ ದಿನ ನಮ್ಮೂರಿನ ಗ್ಯಾರೇಜು, ಕಾರ್ಖಾನೆ, ಸರ್ಕಾರಿ ಕಚೇರಿಗಳ ಮುಂದೆಲ್ಲ ಬೂದುಗುಂಬಳಕಾಯಿ ಒಡೆಯುತ್ತಾರೆ. ಲೇತ್ ಯಂತ್ರಕ್ಕೆ ಚೆಂಡುಹೂವಿನ ಹಾರ, ಕಂಪ್ಯೂಟರಿಗೆ ಕುಂಕುಮ, ಜೀಪಿನ ಚಕ್ರದಡಿ ನಿಂಬೆಹಣ್ಣು. ಕೊನೆಗೆ ಕಡಲೆಪುರಿ, ಸಿಹಿ, ಬಾಳೆಹಣ್ಣಿನ ಪೊಟ್ಟಣ ಎಲ್ಲರ ಕೈಗೂ ಬರುತ್ತದೆ. ಆ ಕಚೇರಿಯಲ್ಲಿ ಒಬ್ಬ ಕ್ರೈಸ್ತ ಗುಮಾಸ್ತರಿದ್ದರೆ ಅವರೊಳಗೆ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಇದನ್ನು ತಿನ್ನಬಹುದೆ? ತಿಂದರೆ ಕರ್ತನಿಗೆ ಎರಡು ಬಗೆದಂತಾಗುತ್ತದೆಯೆ? ಬೇಡವೆಂದರೆ, ವರ್ಷವಿಡೀ ಬುತ್ತಿ ಹಂಚಿಕೊಂಡು ಉಂಡ ಗೆಳೆಯನಿಗೆ ಎಷ್ಟು ನೋವಾದೀತು?

ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 2ಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಸಮುದಾಯದ ಬದುಕಿನಲ್ಲಿ ಇಂಥ ಪ್ರಶ್ನೆಗಳು ತಿಂಗಳು ತಿಂಗಳೂ ಎದುರಾಗುತ್ತವೆ. ಬೀದಿಯ ಗಣೇಶೋತ್ಸವಕ್ಕೆ ಕೇಳುವ ವಂತಿಗೆ, ಗೆಳತಿಯ ಸೀಮಂತದಲ್ಲಿ ಹಣೆಗಿಡಲು ಬರುವ ಕುಂಕುಮ, ಪಕ್ಕದ ಮನೆಯ ಗೃಹಪ್ರವೇಶದ ಹೋಮ, ಮಗಳು ಮೆಚ್ಚಿದ ಹಿಂದೂ ಹುಡುಗ, ಭಾನುವಾರ ಬೆಳಿಗ್ಗೆಯೇ ನಿಗದಿಯಾದ ನೇಮಕಾತಿ ಪರೀಕ್ಷೆ. ಒಂದೊಂದರ ಎದುರೂ ಮನೆಯೊಳಗೆ ಚರ್ಚೆ ನಡೆಯುತ್ತದೆ. ಅಜ್ಜಿ ಒಂದು ಹೇಳಿದರೆ ಮೊಮ್ಮಗ ಇನ್ನೊಂದು ಹೇಳುತ್ತಾನೆ. ಸಭಾಪಾಲಕರು ಒಂದು ಹೇಳಿದರೆ ಹೊಸದಾಗಿ ಸೇರಿದ ಪ್ರಾರ್ಥನಾ ಕೂಟದ ಗೆಳೆಯರು ಮತ್ತೊಂದು ಹೇಳುತ್ತಾರೆ.

ಈ ಚರ್ಚೆಯನ್ನು ನಾನು ಹಗುರವಾಗಿ ನೋಡುವವನಲ್ಲ. ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಮಾತ್ರ ಇಂಥ ಸಂಕಟ ಬರುತ್ತದೆ. ಆದರೆ ನಮ್ಮ ಚರಿತ್ರೆಯನ್ನು ಹಿಂತಿರುಗಿ ನೋಡಿದಷ್ಟೂ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಸುತ್ತಲಿನ ಸಂಸ್ಕೃತಿಯಿಂದ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪ್ರಶ್ನೆ ಸರಿಯಾದದ್ದೇ. ಬಹುಕಾಲ ಅದನ್ನು ನಾವು ಕೇಳಬೇಕಾದ ಕಡೆ ಕೇಳಲಿಲ್ಲ.

ಕೊರಿಂಥದ ಮಾಂಸದಂಗಡಿ

ಆಯುಧಪೂಜೆಯ ಪೊಟ್ಟಣದ ಪ್ರಶ್ನೆಯನ್ನು ಬಹುಪಾಲು ಅದೇ ರೂಪದಲ್ಲಿ ಕ್ರಿ.ಶ. ಮೊದಲ ಶತಮಾನದ ನಡುವಿನಲ್ಲೇ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರು ಸಂತ ಪೌಲನಿಗೆ ಕೇಳಿದ್ದರು. ಅಲ್ಲಿನ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ದೇವಾಲಯಗಳಲ್ಲಿ ಬಲಿ ಕೊಟ್ಟ ಪ್ರಾಣಿಗಳದ್ದೂ ಸೇರಿರುತ್ತಿತ್ತು. ಅದನ್ನು ಕೊಂಡು ತಿನ್ನಬಹುದೆ? ನೆರೆಯವರು ಊಟಕ್ಕೆ ಕರೆದರೆ ಹೋಗಬಹುದೆ?

ಪೌಲ ಕೊಟ್ಟ ಉತ್ತರದ ಬಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒಂದೇ ಮಾತಿನಲ್ಲಿ ಹೌದು ಎಂದೋ ಇಲ್ಲ ಎಂದೋ ಹೇಳಿ ಅವನು ಮುಗಿಸಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ವಿಚಾರಣೆ ಮಾಡದೆ ತಿನ್ನಿ, ಭೂಮಿಯ ಮೇಲಿನದೆಲ್ಲ ದೇವರದೇ ಎಂದ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ ಎಂದ. ಆದರೆ ವಿಗ್ರಹದ ಗುಡಿಯ ಪಂಕ್ತಿಯಲ್ಲಿ ಕುಳಿತು ಆ ಆರಾಧನೆಯಲ್ಲಿ ಪಾಲುಗಾರರಾಗಬೇಡಿ ಎಂದು ಅಷ್ಟೇ ಖಂಡಿತವಾಗಿ ಹೇಳಿದ. ಈ ಎರಡರ ನಡುವೆ ಮೂರನೆಯ ಮಾತೊಂದನ್ನು ಸೇರಿಸಿದ. ನೀನು ತಿನ್ನುವುದನ್ನು ಕಂಡು ಇನ್ನೊಬ್ಬನ ನಂಬಿಕೆ ಕದಡುವುದಾದರೆ, ನಿನಗೆ ಹಕ್ಕಿದ್ದರೂ ಅದನ್ನು ಬಿಟ್ಟುಕೊಡು ಎಂಬುದು ಆ ಮಾತು. ಹಕ್ಕಿಗಿಂತ ಸಹೋದರ ದೊಡ್ಡವನು ಎಂಬುದು ಅವನ ಅಳತೆ.

ಹಳೆಯ ಒಡಂಬಡಿಕೆಯಲ್ಲಿ ದಾನಿಯೇಲನ ಕಥೆಯೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. ಸೆರೆಯಾಳಾಗಿ ಬಾಬಿಲೋನಿಗೆ ಹೋದ ಆ ಯುವಕ ಅಲ್ಲಿಯ ಭಾಷೆ ಕಲಿತ, ಅಲ್ಲಿಯ ವಿದ್ಯೆ ಕಲಿತ, ಅರಮನೆ ಕೊಟ್ಟ ಬಾಬಿಲೋನಿನ ಹೆಸರನ್ನು ಹೊತ್ತ, ಅರಸನ ಕೈಕೆಳಗೆ ಅಧಿಕಾರಿಯೂ ಆದ. ಅರಸನ ಪಂಕ್ತಿಯ ಆಹಾರವನ್ನು ಮಾತ್ರ ವಿನಯದಿಂದ ಬೇಡವೆಂದ. ಪ್ರಾರ್ಥನೆ ಬಿಡು ಎಂದಾಗ ಸಿಂಹಗಳ ಗುಹೆಗೆ ಬೀಳಲೂ ಸಿದ್ಧನಾದ. ಭಾಷೆ, ವಿದ್ಯೆ, ಉದ್ಯೋಗಗಳ ವಿಷಯದಲ್ಲಿ ಅಷ್ಟು ಧಾರಾಳಿ, ಆರಾಧನೆಯ ವಿಷಯದಲ್ಲಿ ಅಷ್ಟು ಕಠೋರ. ಇವೆರಡೂ ಒಬ್ಬನಲ್ಲೇ ಇದ್ದವು.

ತುಳಸಿ ಬೆಳೆಸಬಾರದೆಂಬ ಶಾಸನ

ಈ ವಿವೇಕ ಎಲ್ಲ ಕಾಲದಲ್ಲೂ ಉಳಿಯಲಿಲ್ಲ. ಗೋವೆಯಲ್ಲಿ 1560ರಲ್ಲಿ ನೆಲೆಯೂರಿದ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣಾ ನ್ಯಾಯಾಲಯ 1736ರಲ್ಲಿ ಒಂದು ಶಾಸನ ಹೊರಡಿಸಿತು. ಸ್ಥಳೀಯ ಕ್ರೈಸ್ತರ ಮನೆಗಳಲ್ಲಿ ಉಳಿದುಕೊಂಡಿದ್ದ ಹಿಂದೂ ಪದ್ಧತಿಗಳನ್ನೆಲ್ಲ ಕಿತ್ತುಹಾಕುವುದು ಅದರ ಉದ್ದೇಶ. ಮನೆಯಂಗಳದಲ್ಲಿ ತುಳಸಿ ಬೆಳೆಸಬಾರದು. ಮದುವೆಯ ಸಂದರ್ಭದಲ್ಲಿ ವೀಳ್ಯದೆಲೆ, ಅಡಿಕೆ, ಹೂವು ಕಳುಹಿಸಬಾರದು. ಮದುಮಕ್ಕಳಿಗೆ ಅರಿಸಿನ, ಎಣ್ಣೆ ಹಚ್ಚಬಾರದು. ಗಂಡಸರು ಧೋತರ ಉಡಬಾರದು. ಉಪ್ಪು ಹಾಕದೆ ಅನ್ನ ಬೇಯಿಸುವುದೂ ಅಪರಾಧ. ಒಬ್ಬ ಹೆಂಗಸು ತನ್ನ ತಾಯಿಯಿಂದ ಕಲಿತ ಅಡುಗೆಯನ್ನೇ ಅನುಮಾನದಿಂದ ನೋಡಬೇಕಾದ ಕಾಲ ಅದು.

ಗೋವೆಯಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಬಂದು ಕೆನರಾದಲ್ಲಿ ನೆಲೆಸಿದ ಕೊಂಕಣಿ ಕಥೊಲಿಕರು ತಮ್ಮ ನಂಬಿಕೆಯನ್ನು ತಂದರು, ಅರಿಸಿನ ತೆಂಗಿನ ನೆನಪನ್ನೂ ತಂದರು. ಇಂದಿಗೂ ಮಂಗಳೂರಿನ ಕಥೊಲಿಕ್ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್ ನಡೆಯುತ್ತದೆ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಮದುಮಗಳಿಗೆ ತೆಂಗಿನಹಾಲು ಹಚ್ಚಿ ಹರಸುತ್ತಾರೆ. ಸೆಪ್ಟೆಂಬರ್ 8ರಂದು ಮೇರಿಮಾತೆಯ ಜನ್ಮದಿನ, ಅಂದರೆ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮನೆಯಂಗಳದ, ಬೇಲಿಯ ಹೂಗಳನ್ನು ಬುಟ್ಟಿಯಲ್ಲಿ ತಂದು ಕನ್ಯಾಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಸುಲಿದು ಅರೆದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಸೇವಿಸಿ, ಮೀನು ಮಾಂಸವಿಲ್ಲದ ಊಟಕ್ಕೆ ಕೂರುತ್ತಾರೆ. ಪಕ್ಕದ ತುಳುವರ ಮನೆಯಲ್ಲಿ ಅದೇ ಋತುವಿನಲ್ಲಿ ಹೊಸ ಅಕ್ಕಿಯ ಊಟ. ಕೊಡಗಿನಲ್ಲಿ ಮುಂದೆ ಪುತ್ತರಿ. ಒಂದೇ ಮಳೆಗೆ ಬೆಳೆದ ಭತ್ತಕ್ಕೆ ಬೇರೆಬೇರೆ ಬಾಯಿಗಳಿಂದ ಸಲ್ಲುವ ಕೃತಜ್ಞತೆ. ದುಬೈ, ಕುವೈತ್‌ಗಳಲ್ಲಿ ದುಡಿಯುವ ಕರಾವಳಿಯ ಮಕ್ಕಳೂ ಅಲ್ಲಿ ಸೇರಿ ಮೊಂತಿ ಹಬ್ಬ ಮಾಡುತ್ತಾರೆ.

ತೆನೆ ಹಬ್ಬದಿಂದ ಕ್ರಿಸ್ತನ ಮೇಲಿನ ಭಕ್ತಿ ಕುಂದಿತೆ? 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. 1799ರಲ್ಲಿ ಅವನು ಮಡಿದ ಮೇಲೆ ಬದುಕುಳಿದವರು ಊರಿಗೆ ಮರಳಿ, ಬಿದ್ದ ಇಗರ್ಜಿಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಧರ್ಮ ವಿಚಾರಣಾ ನ್ಯಾಯಾಲಯ ಅನುಮಾನಿಸಿದ್ದು ಇಂಥವರ ನಂಬಿಕೆಯನ್ನು.

ಷಟ್ಪದಿಯಲ್ಲಿ ಕ್ರಿಸ್ತ

1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಾಗ ಅದರ ಹಾದಿ ಬೇರೆಯಾಗಿತ್ತು. ಭಕ್ತಿಶೀಲ ಬದುಕಿಗೆ ಒತ್ತು ಕೊಡುವ ಜರ್ಮನ್ ಮತ್ತು ಸ್ವಿಸ್ ಪಯಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪರಂಪರೆಯ ಆ ಮಿಷನರಿಗಳು ಆಚಾರದ ವಿಷಯದಲ್ಲಿ ಬಿಗಿ. ಜಾತಿಯ ವಿಷಯದಲ್ಲಿ ಇನ್ನೂ ಬಿಗಿ. ಸಭೆಗೆ ಸೇರುವವರು ಜಾತಿಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ಅದರ ಬೆಲೆ ದೊಡ್ಡದು. ಸೇರಿದವರನ್ನು ಮನೆಯವರು ಹೊರಹಾಕಿದರು, ಗೇಣಿ ಭೂಮಿ ಹೋಯಿತು. ಮತಾಂತರಗೊಂಡವರ ಆಸ್ತಿಹಕ್ಕು ಕಾಯುವ ಕಾಯ್ದೆ 1850ರಲ್ಲಿ ಬಂದರೂ ಹಳ್ಳಿಯ ಬದುಕು ಕಾಯ್ದೆಗೆ ಕಾಯುತ್ತಿರಲಿಲ್ಲ. ಶೇಂದಿ ಇಳಿಸುವ ಕುಲಕಸುಬನ್ನು ಬಿಟ್ಟು ಬಂದವರಿಗೆ ಹೊಟ್ಟೆಗೊಂದು ದಾರಿ ಬೇಕಿತ್ತು. ನೇಯ್ಗೆಯ ಮಗ್ಗಗಳೂ 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆಯೂ ಆ ದಾರಿಯಾದವು.

ಹೀಗೆ ಬಿಗಿಯಾಗಿದ್ದ ಮಿಷನ್ನಿನ ಜನರೇ ಕನ್ನಡದ ಹಳೆಯ ಸಂಪತ್ತಿಗೆ ಮರುಳಾದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಹರಿದಾಸರ ಹಾಡುಗಳನ್ನು ಮೊದಲ ಬಾರಿಗೆ ಅಚ್ಚಿಗೆ ತಂದದ್ದು ಒಬ್ಬ ಕ್ರೈಸ್ತ ಪಾದ್ರಿ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಪಂಡಿತರ ಬಳಿ ಕುಳಿತು ಹಳಗನ್ನಡ ಕಲಿತರು, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಾಡಿಗೆ ಕೊಟ್ಟರು. ಅದಕ್ಕಿಂತ ಬಹಳ ಮುಂಚೆ, 1862ರಲ್ಲೇ, ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂಬ ಕಾವ್ಯವಾಗಿ ಕನ್ನಡದ ದೇಸಿ ಛಂದಸ್ಸಿನಲ್ಲಿ ಬರೆದರು. ಗದುಗಿನ ಭಾರತ ಕೇಳಿ ಬೆಳೆದ ಕಿವಿಗೆ ಬೆತ್ಲೆಹೇಮಿನ ಕಥೆ ಪರಿಚಿತ ಲಯದಲ್ಲೇ ಬರಲಿ ಎಂಬ ಹಂಬಲ ಅದರ ಹಿಂದಿತ್ತು.

ಆ ಪರಂಪರೆಯಲ್ಲೇ ನಮ್ಮವರೊಬ್ಬರು ಇನ್ನೂ ಮುಂದೆ ಹೋದರು. ರೆವರೆಂಡ್ ಉತ್ತಂಗಿ ಚನ್ನಪ್ಪ, 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ, ಹಸ್ತಪ್ರತಿಗಳನ್ನೂ ಜನರ ನಾಲಿಗೆಯ ಮೇಲಿದ್ದ ಮಾತುಗಳನ್ನೂ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಇಂದು ನಾವು ಸರ್ವಜ್ಞನೆಂದು ಓದುವ ಕವಿ ಒಟ್ಟಾಗಿ ನಮಗೆ ಸಿಕ್ಕಿದ್ದು ಬಹುಮಟ್ಟಿಗೆ ಈ ಪಾದ್ರಿಯ ನಡಿಗೆಯಿಂದ. ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿಯೂ ಅವರು ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆಯಿತು. ಪಾದ್ರಿಯಾಗಿ ಕ್ರಿಸ್ತನನ್ನು ಸಾರುವುದಕ್ಕೂ ವಚನಗಳಿಗಾಗಿ ಬಾಗಿಲು ಬಾಗಿಲು ತಟ್ಟುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ. ಆ ಬದುಕನ್ನು ನೋಡಿದಾಗ ನನಗನ್ನಿಸುವುದು ಇಷ್ಟು: ಬೇರು ಆಳಕ್ಕಿಳಿದ ನಂಬಿಕೆ ಪಕ್ಕದ ಮನೆಯ ಸಂಪತ್ತಿಗೆ ಹೆದರುವುದಿಲ್ಲ.

ಆರತಿಗೆ ಬಂದ ಆಕ್ಷೇಪ

ಕಥೊಲಿಕ್ ಧರ್ಮಸಭೆಯಲ್ಲಿ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ಕಾಲಕ್ಕೆ. 1963ರ ಡಿಸೆಂಬರಿನಲ್ಲಿ ಹೊರಬಂದ ಆರಾಧನಾ ವಿಧಿಯ ದಸ್ತಾವೇಜಿನಿಂದಾಗಿ ಲ್ಯಾಟಿನ್ ಭಾಷೆಯ ಬಲಿಪೂಜೆ ಜನರ ಭಾಷೆಗಳಿಗೆ ಇಳಿಯಿತು. ಬೆಂಗಳೂರಿನಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಕಟ್ಟಿದ ಧರ್ಮಸಭೆಯ ರಾಷ್ಟ್ರೀಯ ಕೇಂದ್ರ ಆರಾಧನೆಯನ್ನು ಈ ನೆಲಕ್ಕೆ ಹೊಂದಿಸುವ ಕೆಲಸಕ್ಕೆ ನೆಲೆಯಾಯಿತು. 1969ರಲ್ಲಿ ಭಾರತದ ಆರಾಧನೆಗೆ ಹೊಂದುವ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈಮುಗಿದು ನಮಿಸುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ ಅವುಗಳಲ್ಲಿ ಕೆಲವು. ಅಮಲೋರ್ಪವದಾಸ್ ಮುಂದೆ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ವಿಭಾಗವನ್ನು ನಡೆಸಿದರು.

ಎಲ್ಲರೂ ಒಪ್ಪಲಿಲ್ಲ. ಇದು ಕ್ರೈಸ್ತತ್ವವನ್ನು ಹಿಂದೂ ಮಾಡುವ ಯತ್ನ ಎಂದು ಭಕ್ತರಲ್ಲೇ ಅನೇಕರು ಸಿಟ್ಟಾದರು. ಅದಕ್ಕಿಂತ ತೂಕದ ಇನ್ನೊಂದು ಆಕ್ಷೇಪ ದಲಿತ ಕ್ರೈಸ್ತರಿಂದ ಬಂತು. ಭಾರತೀಯತೆ ಎಂದು ನೀವು ಒಳಗೆ ತರುತ್ತಿರುವುದು ಯಾರ ಭಾರತೀಯತೆ? ಸಂಸ್ಕೃತದ ಶ್ಲೋಕ, ಆಶ್ರಮ, ಕಾವಿ ಎಲ್ಲವೂ ಮೇಲ್ಜಾತಿಗಳದ್ದಲ್ಲವೆ? ನಮ್ಮ ತಮಟೆ ಎಲ್ಲಿ? ನಮ್ಮ ಹಾಡು ಎಲ್ಲಿ? ಯಾವ ಗುಡಿಯೊಳಗೆ ನಮ್ಮ ಅಜ್ಜಂದಿರನ್ನು ಬಿಡಲಿಲ್ಲವೋ ಆ ಗುಡಿಯ ಚಹರೆಯನ್ನೇ ನಮ್ಮ ದೇವಾಲಯಕ್ಕೆ ಏಕೆ ಕೊಡುತ್ತೀರಿ? ಈ ಪ್ರಶ್ನೆಗಳಿಗೆ ನಮ್ಮ ಧರ್ಮಶಾಸ್ತ್ರಜ್ಞರು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಆದರೆ ಯುರೋಪಿನಿಂದ ಬಂದದ್ದೇ ಶುದ್ಧ ಕ್ರೈಸ್ತತ್ವ ಎನ್ನುವವರ ಮಾತೂ ನಿಲ್ಲುವುದಿಲ್ಲ. ಕ್ರಿಸ್ಮಸ್ ಮರ ಜರ್ಮನರ ಪದ್ಧತಿ. ಮದುಮಗಳ ಬಿಳಿ ಗೌನು 1840ರ ವಿಕ್ಟೋರಿಯಾ ರಾಣಿಯ ಮದುವೆಯ ನಂತರ ಹಬ್ಬಿದ್ದು. ನಮ್ಮ ಸಭೆಗಳಲ್ಲಿ ಹಾಡುವ ಎಷ್ಟೋ ಕನ್ನಡ ಕೀರ್ತನೆಗಳ ರಾಗ ಜರ್ಮನಿಯಿಂದ ಬಂದದ್ದು. ಯಾವುದೋ ಒಂದು ಸಂಸ್ಕೃತಿಯನ್ನು ತೊಡದೆ ಯಾವ ನಂಬಿಕೆಯೂ ಮನುಷ್ಯರ ನಡುವೆ ಬದುಕಿಲ್ಲ. ಯೇಸುವೂ ಗಲಿಲಾಯದ ಜನರಾಡುವ ಅರಾಮಿಕ್ ಮಾತಾಡಿ, ಅವರ ಹಬ್ಬಗಳನ್ನು ಆಚರಿಸಿ, ಮದುವೆ ಮನೆಗಳಲ್ಲಿ ಉಂಡು ಬದುಕಿದ ಯೆಹೂದಿ.

ಕೇಳದೆ ಒಳಗೆ ಬಂದದ್ದು

ಸುತ್ತಲಿನ ಸಂಸ್ಕೃತಿಯಿಂದ ನಮ್ಮೊಳಗೆ ಬಂದು, ಬಾಸೆಲ್ ಮಿಷನ್ನಿನಂಥವರು ತಡೆಯಲು ಹೊರಟರೂ, ಯಾವ ಧರ್ಮ ವಿಚಾರಣೆಗೂ ಸಿಕ್ಕದೆ ನೂರಾರು ವರ್ಷ ಉಳಿದದ್ದು ಜಾತಿ.

1606ರಲ್ಲಿ ಮದುರೆಗೆ ಬಂದ ಇಟಲಿಯ ಯೇಸುಸಭೆಯ ಗುರು ರೊಬೆರ್ಟೊ ಡಿ ನೊಬಿಲಿ ಸನ್ಯಾಸಿಯಾಗಿ ಬದುಕಿದ, ಸಂಸ್ಕೃತ ಕಲಿತ, ಸಸ್ಯಾಹಾರಿಯಾದ. ಶ್ರೀರಂಗಪಟ್ಟಣದಿಂದ ಮೈಸೂರು ಸೀಮೆಯ ಕೆಲಸ ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿಯೂ ಅದೇ ಹಾದಿ ಹಿಡಿದು ಕನ್ನಡ ಕಲಿತ. ಜನಿವಾರ, ಶಿಖೆ, ಗಂಧಗಳನ್ನು ಹೊಸ ಕ್ರೈಸ್ತರು ಉಳಿಸಿಕೊಳ್ಳಬಹುದೆಂದು ಪೋಪ್ 1623ರಲ್ಲಿ ಒಪ್ಪಿದರು. ಈ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಅದರೊಂದಿಗೇ ಮೇಲ್ಜಾತಿಯವರಿಗೊಬ್ಬ ಗುರು, ಕೆಳಜಾತಿಯವರಿಗೊಬ್ಬ ಗುರು ಎಂಬ ವ್ಯವಸ್ಥೆಯೂ ಬಂತು. 1744ರ ಹೊತ್ತಿಗೆ ರೋಮ್ ಈ ಪದ್ಧತಿಗಳಿಗೆ ಕಡಿವಾಣ ಹಾಕಿ, ಅಸ್ಪೃಶ್ಯರೆನಿಸಿದವರ ಮನೆಗೂ ಹೋಗಿ ಸಂಸ್ಕಾರ ಕೊಡಬೇಕೆಂದು ಪಟ್ಟುಹಿಡಿಯಿತು. ಅದಕ್ಕೆ ಮಿಷನರಿಗಳು ಕಂಡುಕೊಂಡ ಪರಿಹಾರವೆಂದರೆ ಆ ಜನರಿಗೆಂದೇ ಪ್ರತ್ಯೇಕ ಗುರುಗಳನ್ನು ನೇಮಿಸುವುದು. ಒಂದೇ ರೊಟ್ಟಿಯನ್ನು ಮುರಿದು ಹಂಚಿದ ಕ್ರಿಸ್ತನ ಹೆಸರಿನಲ್ಲಿ ಬಡಿಸುವ ಕೈಗಳನ್ನೇ ಬೇರೆ ಮಾಡಿದರು.

ಇದು ಹಳೆಯ ಕಥೆ ಎಂದು ಸುಮ್ಮನಾಗುವಂತಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೊಲಿಕ್ ಬಿಷಪರ ಸಮ್ಮೇಳನ ದಲಿತ ಸಬಲೀಕರಣ ನೀತಿಯನ್ನು ಹೊರತಂದಾಗ, ಧರ್ಮಸಭೆಯೊಳಗೇ ಅಸ್ಪೃಶ್ಯತೆ ಇನ್ನೂ ಇದೆ ಎಂದು ತಾನೇ ಒಪ್ಪಿಕೊಳ್ಳಬೇಕಾಯಿತು. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಕ್ಕುವುದಿಲ್ಲ. ಕ್ರೈಸ್ತರಾದವರನ್ನು ಸರ್ಕಾರದ ಕಾಗದ ಪರಿಶಿಷ್ಟ ಜಾತಿಯವರೆಂದು ಎಣಿಸುವುದಿಲ್ಲ. ಆದರೆ ದಲಿತ ಕ್ರೈಸ್ತ ಕುಟುಂಬವೊಂದು ಮಗನಿಗೆ ಹೆಣ್ಣು ಹುಡುಕಲು ಹೊರಟರೆ, ಸಭೆಯೊಳಗಿನ ಮನೆಗಳೇ ಅಜ್ಜನ ಮೂಲ ವಿಚಾರಿಸುತ್ತವೆ. ವಧುವರರ ಜಾಹೀರಾತುಗಳಲ್ಲಿ ಪಂಥದ ಹೆಸರಿನ ಪಕ್ಕದಲ್ಲೇ ಜಾತಿಯ ಸುಳಿವು ಇರುತ್ತದೆ. ಹಣೆಯ ಕುಂಕುಮವನ್ನು ಅಳಿಸು ಎಂದು ಸೊಸೆಗೆ ಹೇಳುವ ಅತ್ತೆ, ಜಾತಿ ನೋಡದೆ ಅವಳನ್ನು ತಂದಿದ್ದಾಳೆಯೆ?

ವರದಕ್ಷಿಣೆಯೂ ಹೀಗೇ. 1961ರ ಕಾಯ್ದೆ ಅದನ್ನು ನಿಷೇಧಿಸಿದೆ, ಸುವಾರ್ತೆ ಅದನ್ನು ಎಂದೂ ಒಪ್ಪಿಲ್ಲ. ಆದರೂ ನಮ್ಮ ಎಷ್ಟೋ ಮದುವೆಗಳು ಅದಿಲ್ಲದೆ ನಿಶ್ಚಯವಾಗುವುದಿಲ್ಲ. ಹೂವು, ಅರಿಸಿನ, ತುಳಸಿಯನ್ನು ತಡೆದ ಬಾಗಿಲಲ್ಲಿ ಇವುಗಳನ್ನು ಯಾರೂ ತಡೆಯಲಿಲ್ಲ.

ಪೇಟೆಯ ಸೆಳೆತ

ಇಂದಿನ ಯುವಕರನ್ನು ಸೆಳೆಯುತ್ತಿರುವುದು ಪಕ್ಕದ ಬೀದಿಯ ತೇರಲ್ಲ. ಬೆಂಗಳೂರಿನ ಐಟಿ ಕಂಪನಿಯಲ್ಲಿ ದುಡಿಯುವ ಹುಡುಗಿಗೆ ಭಾನುವಾರದ ಆರಾಧನೆ ತಪ್ಪುವುದು ಶಿಫ್ಟಿನಿಂದ, ವಾರದ ದಣಿವಿನಿಂದ, ಬೆರಳ ತುದಿಯಲ್ಲಿ ನಿಲ್ಲದೆ ಹರಿಯುವ ವಿಡಿಯೊಗಳಿಂದ. ಕ್ರಿಸ್ಮಸ್ ಎಂದರೆ ಮಾಲುಗಳ ರಿಯಾಯಿತಿ ಮಾರಾಟದ ಕಾಲ. ತೆಂಗಿನಹಾಲಿನ ರೋಸ್ ಕೆಲವೆಡೆ ಮೊಟ್ಟೆ, ಟೊಮೆಟೊ, ಬಿಯರ್ ಎರಚುವ ಮೋಜಾಗಿದೆ. ಸಾಲ ಮಾಡಿ ನಡೆಸಿದ ಮದುವೆಯ ಆರತಕ್ಷತೆಯಲ್ಲಿ ಪ್ರಾರ್ಥನೆ ಎರಡು ನಿಮಿಷ, ಡಿಜೆ ನಾಲ್ಕು ಗಂಟೆ. ಇನ್ನೊಂದು ಕಡೆ ದೊಡ್ಡ ಪರದೆ, ಬಣ್ಣದ ಬೆಳಕಿನ ಸಭಾಂಗಣಗಳಲ್ಲಿ ದೇವರ ಆಶೀರ್ವಾದವೆಂದರೆ ಕಾರು, ಮನೆ, ವೀಸಾ ಎಂದು ಬೋಧಿಸುವವರಿದ್ದಾರೆ. ತಲೆಯಿಡಲು ಸ್ಥಳವಿಲ್ಲದೆ ಅಲೆದವನ ಹೆಸರಿನಲ್ಲಿ ಇಂಥ ಬೋಧನೆ ನಡೆಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ನಮ್ಮ ಕಾಲದ ವಿಗ್ರಹದ ಪಂಕ್ತಿ ಇದು. ಎದ್ದು ಬರಬೇಕಾದದ್ದು ಇಲ್ಲಿಂದ.

ಹೊರಗಿನಿಂದ ಬರುವ ಒತ್ತಡವೂ ಇದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಗಳ ಗಾಯ ಮಾಸಿಲ್ಲ. ಅಂಥ ದಿನಗಳ ನಂತರ ಸಮುದಾಯವೊಂದು ತನ್ನೊಳಗೇ ಮುದುಡಿಕೊಳ್ಳುವುದು ಸಹಜ. ಕೆಲವರು ಎಲ್ಲರಂತೆ ಕಾಣಲು ತಮ್ಮ ಗುರುತನ್ನೇ ಮರೆಮಾಡುತ್ತಾರೆ, ಇನ್ನು ಕೆಲವರು ನೆರೆಯವರೊಂದಿಗೆ ಉಣ್ಣುವುದನ್ನೇ ಬಿಡುತ್ತಾರೆ. ಭಯದಿಂದ ಹುಟ್ಟಿದ ಹೊಂದಾಣಿಕೆಗೂ ಭಯದಿಂದ ಹುಟ್ಟಿದ ಬಿಗಿತಕ್ಕೂ ನಂಬಿಕೆಯ ಹೆಸರು ಕೊಡಬಾರದು.

ಅಳತೆ ಯಾವುದು?

ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮುಂದೆ ಜಿನೀವಾದ ವಿಶ್ವ ಚರ್ಚುಗಳ ಮಂಡಳಿಯಲ್ಲಿ ಅನ್ಯಧರ್ಮೀಯರೊಂದಿಗಿನ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಬದ್ಧತೆ ಮತ್ತು ತೆರೆದ ಮನಸ್ಸು ಒಂದನ್ನೊಂದು ಕೊಲ್ಲಬೇಕಿಲ್ಲ ಎಂಬುದು ಅವರ ಜೀವಮಾನದ ಚಿಂತನೆಯ ತಿರುಳು. ಅದೇ ಕಾರ್ಕಳದ ಪಕ್ಕದ ಅತ್ತೂರಿನಲ್ಲಿ ಪ್ರತಿ ಜನವರಿಯಲ್ಲಿ ಸಂತ ಲಾರೆನ್ಸರ ಸಾಂತ್‌ಮಾರಿ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಬಂದು ಮೊಂಬತ್ತಿ ಹಚ್ಚುತ್ತಾರೆ. ಆ ಜನಸಾಗರದ ನಡುವೆ ಬೆಳೆದವರಿಗೆ ಬೇರೆ ನಂಬಿಕೆಯ ನೆರೆಯವನು ಎಂದರೆ ಅಪಾಯ ಎಂದು ಅನ್ನಿಸಲಾರದು.

ಹಾಗಾದರೆ ಆ ಗುಮಾಸ್ತರು ಪೊಟ್ಟಣವನ್ನು ತೆಗೆದುಕೊಳ್ಳಬೇಕೆ? ನನ್ನ ಉತ್ತರ ಪೌಲನದೇ. ಸ್ನೇಹದಿಂದ ಕೊಟ್ಟದ್ದನ್ನು ಸ್ನೇಹವೆಂದು ಸ್ವೀಕರಿಸಬಹುದು. ಮನಸ್ಸಾಕ್ಷಿ ಒಪ್ಪದಿದ್ದರೆ, ಕೊಡುವವರ ದೇವರನ್ನೂ ಕೊಡುವವರನ್ನೂ ಹೀಯಾಳಿಸದೆ, ಕೈಮುಗಿದು ಬೇಡವೆನ್ನಬಹುದು. ತೆಗೆದುಕೊಂಡವರು ಬೇಡವೆಂದವರನ್ನು ಸಂಕುಚಿತರೆನ್ನಬಾರದು, ಬೇಡವೆಂದವರು ತೆಗೆದುಕೊಂಡವರನ್ನು ಭ್ರಷ್ಟರೆನ್ನಬಾರದು. ಆರಾಧನೆ ಒಬ್ಬನಿಗೇ ಸಲ್ಲಬೇಕೆಂಬುದರಲ್ಲಿ ಇಬ್ಬರಿಗೂ ಅನುಮಾನ ಬೇಡ.

ನಮ್ಮ ಸಭೆಗಳು ಈ ಪ್ರಶ್ನೆಗೆ ಇಷ್ಟು ಸಾಕೆಂದು ಬಿಟ್ಟು, ಉಳಿದ ಕಾಲವನ್ನು ಬೇರೆ ಪ್ರಶ್ನೆಗಳಿಗೆ ಕೊಡಬೇಕು. ಯಾವುದೇ ಪದ್ಧತಿ ನಮ್ಮೆದುರು ಬಂದಾಗ, ಅದು ನನ್ನನ್ನು ನೆರೆಯವನ ಹತ್ತಿರ ಒಯ್ಯುತ್ತದೆಯೋ ಅವನ ತಲೆಯ ಮೇಲೆ ಕೂರಿಸುತ್ತದೆಯೋ ಎಂದು ಕೇಳಬೇಕು. ಮೊಂತಿ ಹಬ್ಬದ ತೆನೆಯೂ ಕಿಟ್ಟೆಲರ ಕಾವ್ಯವೂ ಆ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಜಾತಿ ಕೇಳುವ ಮದುವೆ ಮಾತುಕತೆ, ವರದಕ್ಷಿಣೆ, ಸಾಲದ ಆಡಂಬರ ಸೋಲುತ್ತವೆ. ಸೋತದ್ದನ್ನು ಸೋತದ್ದೆಂದು ಧರ್ಮಪೀಠದಿಂದಲೇ ಹೇಳುವ ಸಭಾಪಾಲಕರು, ಗುರುಗಳು ನಮಗೆ ಬೇಕು. ವರದಕ್ಷಿಣೆ ಪಡೆದ ಮದುವೆಯನ್ನು ನಡೆಸಿಕೊಡುವುದಿಲ್ಲ ಎನ್ನುವ ಒಂದು ಸಭೆ, ಜಾತಿ ಮೀರಿ ಮಗಳನ್ನು ಕೊಡುವ ಒಬ್ಬ ಹಿರಿಯ, ಕುಂಕುಮದ ಬಗ್ಗೆ ಮಾಡಿದ ನೂರು ಪ್ರಸಂಗಗಳಿಗಿಂತ ಸ್ಪಷ್ಟವಾಗಿ ಕ್ರಿಸ್ತನನ್ನು ಈ ನಾಡಿಗೆ ಸಾರುತ್ತಾರೆ.